ವೀವೈಲ್: ಕೊಡೋಕೆ ಹುಲಿ, ತಿನ್ನೋಕೆ ಇಲಿ

ಪೋಕೆಮಾನ್ ಸ್ಕಾರ್ಲೆಟ್–ವಯಲೆಟ್ ಪೀಳಿಗೆಯ ಸಿಂಗಲ್ಸ್‌ನಲ್ಲಿ, ಶೋಡೌನ್‌ನ ಓಯು ನಿಯಮದಡಿ (ಶೋಡೌನ್ ಅಂದರೆ ಆನ್‌ಲೈನ್ ಕಾದಾಟದ ತಾಣ, ಓಯು ಅಂದರೆ ಅತಿ ಬಲಶಾಲಿಗಳನ್ನು ಹೊರಗಿಟ್ಟ ಮುಖ್ಯ ವಿಭಾಗ), ಐಸ್–ಡಾರ್ಕ್ ಜಾತಿಯ ವೀವೈಲ್ ಅನ್ನು ಬಹಳ ಕಾಲ ಆಡಿಸಿದ ಮೇಲೆ ಬರೆದ ಅಭಿಪ್ರಾಯ ಇದು. ಅಂಕಿಗಳೆಲ್ಲ ಲೆವೆಲ್ 100ಕ್ಕೆ ಲೆಕ್ಕ ಹಾಕಿದವು. ಇದು ಎಷ್ಟು ಜೋರಾಗಿ ಹೊಡೆಯುತ್ತೆ ಅಂತ ಎಲ್ಲರೂ ನೋಡ್ತಾರೆ. ಗೆಲ್ಲೋದು ಸೋಲೋದು ಮಾತ್ರ ಅದು ಎಷ್ಟು ಸಲ ಏಟು ತಿನ್ನದೆ ಒಳಗೆ ಬರುತ್ತೆ ಅನ್ನೋದರ ಮೇಲೆ. 5ಕ್ಕೆ 4 ಕೊಡ್ತೀನಿ. ಕಳೆದ ಒಂದು ಅಂಕ ಅದರ ಮುಖ್ಯ ಐಸ್ ಮೂವ್ ಆದ ಟ್ರಿಪಲ್ ಆಕ್ಸೆಲ್‌ನ ಲೆಕ್ಕಕ್ಕೆ.

ಸೆಟ್ ಇದು: ಜಾಲಿ ಸ್ವಭಾವ (ಸ್ಪೀಡ್ ಹೆಚ್ಚಿಸುತ್ತೆ), ಅಟ್ಯಾಕ್‌ಗೆ 252, ಸ್ಪೀಡ್‌ಗೆ 252, ಉಳಿದ 4 ಡಿಫೆನ್ಸ್‌ಗೆ (ಇವೇ ಇವಿ, ಅಂದರೆ ನಾವೇ ಹಂಚುವ ತರಬೇತಿ ಅಂಕಗಳು). ಕೈಯಲ್ಲಿ ಹೆವಿ ಡ್ಯೂಟಿ ಬೂಟ್ಸ್ (ಮೈದಾನದಲ್ಲಿ ಹರಡಿದ ಕಲ್ಲು-ಮುಳ್ಳಿನ ಏಟು ತಪ್ಪಿಸುವ ವಸ್ತು). ಮೂವ್‌ಗಳು ಟ್ರಿಪಲ್ ಆಕ್ಸೆಲ್, ನಾಕ್ ಆಫ್ (ಎದುರಾಳಿಯ ವಸ್ತು ಬೀಳಿಸುವ ಡಾರ್ಕ್ ಏಟು), ಐಸ್ ಶಾರ್ಡ್ (ಮೊದಲು ಹೋಗುವ ಐಸ್ ಏಟು), ನಾಲ್ಕನೆಯದು ಸೋರ್ಡ್ಸ್ ಡಾನ್ಸ್ (ಅಟ್ಯಾಕ್ ದುಪ್ಪಟ್ಟು ಮಾಡುವ ಕುಣಿತ) ಅಥವಾ ಲೋ ಕಿಕ್ (ಎದುರಾಳಿ ತೂಕ ಹೆಚ್ಚಿದಷ್ಟೂ ಬಲ ಹೆಚ್ಚುವ ಫೈಟಿಂಗ್ ಏಟು). ಹೀಗೆ ಮಾಡಿದರೆ ಎಚ್‌ಪಿ 281, ಡಿಫೆನ್ಸ್ 167, ಸ್ಪೀಡ್ 383. ಆಡಮಂಟ್ ಹಾಕಿ ಅಟ್ಯಾಕ್ ಅನ್ನು 339ರಿಂದ 372ಕ್ಕೆ ಏರಿಸೋ ಆಸೆ ಎಲ್ಲರಿಗೂ ಬರುತ್ತೆ. ಆದರೆ ಆಗ ಸ್ಪೀಡ್ 349ಕ್ಕೆ ಇಳಿಯುತ್ತೆ. ಬೇಸ್ ಸ್ಪೀಡ್ (ಹುಟ್ಟು ವೇಗ) 110 ಇರುವವು ಪೂರ್ತಿ ಏರಿಸಿದರೆ 350. ಒಂದೇ ಒಂದು ಪಾಯಿಂಟ್‌ನಲ್ಲಿ ಓಗರ್‌ಪಾನ್, ಐರನ್ ಮಾತ್ ಎರಡೂ ಮುಂದೆ ಹೋಗ್ತವೆ. ಜಾಲಿ ಇದ್ದರೆ 364ರ ಐರನ್ ವ್ಯಾಲಿಯಂಟ್, 379ರ ಮಿಯಾವ್‌ಸ್ಕರಾಡಾ ಕೂಡ ಹಿಂದೆ. ಡಾರ್ಕ್‌ರೈ ಸಮಸಮ, ಅಲ್ಲಿ ಅರ್ಧಕ್ಕರ್ಧ ಅದೃಷ್ಟ. ಝಮಝೆಂಟಾ (412), ಡ್ರಾಗಪಲ್ಟ್ (421) ಹೇಗಿದ್ದರೂ ಮುಂದೆ. ಚಾಯ್ಸ್ ಸ್ಕಾರ್ಫ್ (ಸ್ಪೀಡ್ ಒಂದೂವರೆ ಪಟ್ಟು ಮಾಡುವ ವಸ್ತು) ಇಟ್ಟ ಗೋಲ್ಡೆಂಗೋ ಸ್ಪೀಡ್ ಸ್ವಭಾವ ಇಲ್ಲದೆಯೂ 400 ಮುಟ್ಟುತ್ತೆ. ಇವನ್ನು ಬಾಯಿಪಾಠ ಮಾಡಿಕೊಂಡೇ ಕೂರಬೇಕು.

ಬೂಟ್ಸ್ ಬದಲು ಚಾಯ್ಸ್ ಬ್ಯಾಂಡ್ (ಅಟ್ಯಾಕ್ ಒಂದೂವರೆ ಪಟ್ಟು ಮಾಡಿ ಒಂದೇ ಮೂವ್‌ಗೆ ಕಟ್ಟಿಹಾಕುವ ವಸ್ತು) ಇಡಬಹುದಾ? ಸ್ಟೆಲ್ತ್ ರಾಕ್ (ಒಳಗೆ ಬರುವವರಿಗೆ ತಾಗುವ ಕಲ್ಲು) ಬಿದ್ದಿದ್ದರೆ ವೀವೈಲ್ ಪ್ರತಿ ಪ್ರವೇಶಕ್ಕೆ 70 ಎಚ್‌ಪಿ ಕಳೆದುಕೊಳ್ಳುತ್ತೆ. ಯಾರೂ ಮುಟ್ಟದೇ ಇದ್ದರೂ ನಾಲ್ಕನೇ ಸಲ ಬಂದು ನಿಂತಾಗ ಉಳಿಯೋದು 1. ಬ್ಯಾಂಡ್‌ನ ಆಕರ್ಷಣೆ ನಿಜ: ಮೂರೂ ಏಟು ತಾಗಿದರೆ ಎಚ್‌ಪಿಗೆ 252 ಹಾಕಿ ಡಿಫೆನ್ಸ್‌ಗೆ ಏನೂ ಹಾಕದ ಗ್ರೇಟ್ ಟಸ್ಕ್ ಒಂದೇ ಸಲಕ್ಕೆ ಹೋಗುತ್ತೆ. ಆದರೆ ಒಂದೇ ಮೂವ್‌ಗೆ ಕಟ್ಟಿಬಿದ್ದ ವೀವೈಲ್ ಪದೇಪದೇ ಹೊರಗೆ ಹೋಗಬೇಕು, ಪದೇಪದೇ ಕಲ್ಲಿನ ಮೇಲೆ ಬಂದು ನಿಲ್ಲಬೇಕು. ಟೀಮ್‌ನಲ್ಲಿ ಕಲ್ಲು ತೆಗೆಯೋರು ಗಟ್ಟಿ ಇಲ್ಲದಿದ್ದರೆ ಬ್ಯಾಂಡ್ ಸುದ್ದಿಗೆ ಹೋಗಬೇಡಿ.

ಈಗ ಟ್ರಿಪಲ್ ಆಕ್ಸೆಲ್. ಏಟುಗಳ ಪವರ್ 20, 40, 60, ಒಟ್ಟು 120. ಪ್ರತಿ ಏಟಿಗೂ 90% ಗುರಿ ಬೇರೆಬೇರೆಯಾಗಿ ಲೆಕ್ಕ ಆಗುತ್ತೆ, ಹಾಗಾಗಿ ಮೂರೂ ತಾಗುವ ಸಾಧ್ಯತೆ 72.9%. ಹತ್ತರಲ್ಲಿ ಒಂದು ಸಲ ಏನೂ ತಾಗಲ್ಲ, ಉಳಿದ ನಷ್ಟ ಅರ್ಧಕ್ಕೆ ನಿಂತ ಏಟುಗಳದ್ದು. ಅದರಲ್ಲೂ ಮೂರನೇ ಏಟು ತಪ್ಪಿದರೆ ಅರ್ಧ ಬಲವೇ ಹೋದಂತೆ. ಗುರಿಯ ಚಿಂತೆ ಬೇಡ ಅಂದರೆ ಲೋಡೆಡ್ ಡೈಸ್ ಅನ್ನೋ ವಸ್ತು ಇದೆ: ಮೊದಲ ಏಟು ತಾಗಿದರೆ ಮೂರೂ ತಾಗುತ್ತವೆ. ಬೂಟ್ಸ್ ಬಿಟ್ಟುಕೊಡಬೇಕು ಅಷ್ಟೇ, ಮತ್ತೆ ಕಲ್ಲಿನ ಲೆಕ್ಕಕ್ಕೇ ಬಂದ್ವಿ.

ಮೂರು ಸಲ ಹೊಡೆಯೋದರ ಲಾಭ ಡ್ರಾಗನೈಟ್ ಎದುರು ಗೊತ್ತಾಗುತ್ತೆ. ಅದರ ಮಲ್ಟಿಸ್ಕೇಲ್ (ಎಚ್‌ಪಿ ತುಂಬಿದ್ದಾಗ ಏಟು ಅರ್ಧ ಮಾಡುವ ಗುಣ) ಮೊದಲ ಸಣ್ಣ ಏಟನ್ನಷ್ಟೇ ಅರ್ಧ ಮಾಡುತ್ತೆ. ಎಚ್‌ಪಿ, ಡಿಫೆನ್ಸ್‌ಗೆ ಇವಿ ಹಾಕದ ಡ್ರಾಗನೈಟ್‌ಗೆ (ಎಚ್‌ಪಿ 323) ಮೊದಲೆರಡು ಏಟೇ ಕನಿಷ್ಠ 330. ಮೂರನೆಯದು ತಪ್ಪಿದರೂ ಕೆಲಸ ಮುಗಿದಿರುತ್ತೆ. ಒಂದು ಏಟಿಗೆ ಜೀವ ಉಳಿಸುವ ಫೋಕಸ್ ಸ್ಯಾಶ್, ನಮ್ಮ ಬದಲು ಏಟು ತಿನ್ನುವ ಗೊಂಬೆಯಾದ ಸಬ್‌ಸ್ಟಿಟ್ಯೂಟ್‌ಗಳ ಕಥೆಯೂ ಇದೇ. ಆದರೆ ಡ್ರಾಗನೈಟ್ ನಾರ್ಮಲ್ ಟೆರಾ ಆದರೆ (ಟೆರಾ ಅಂದರೆ ಪಂದ್ಯದ ನಡುವೆ ಜಾತಿ ಬದಲಿಸೋದು) ಐಸ್‌ನ ನಾಲ್ಕು ಪಟ್ಟು ಹೋಯ್ತು, ಎಕ್ಸ್‌ಟ್ರೀಮ್ ಸ್ಪೀಡ್ ಐಸ್ ಶಾರ್ಡ್‌ಗಿಂತಲೂ ಮೊದಲು ಬರುತ್ತೆ. ಆಡಮಂಟ್ ಡ್ರಾಗನೈಟ್‌ನ ಆ ಏಟು 208ರಿಂದ 246. ತುಂಬಿದ ವೀವೈಲ್ ತಡೆದುಕೊಳ್ಳುತ್ತೆ. ಅಟ್ಯಾಕ್, ಸ್ಪೀಡ್ ಏರಿಸುವ ಒಂದು ಡ್ರಾಗನ್ ಡಾನ್ಸ್ ಆದ ಮೇಲೆ ತಡೆಯಲ್ಲ.

ನಷ್ಟದ ಕಡೆ ಯಾರೂ ಗಮನ ಕೊಡಲ್ಲ. ಮೂರೂ ಮೈಗೆ ಮೈ ತಾಗುವ ಏಟುಗಳು. ಎದುರು ರಾಕಿ ಹೆಲ್ಮೆಟ್ ಇದ್ದರೆ ಪ್ರತಿ ಏಟಿಗೆ 46, ಮೂರಕ್ಕೆ 138: ಜೀವದ ಅರ್ಧ ನಮ್ಮದೇ ಮೂವ್‌ಗೆ ಹೋಗುತ್ತೆ. ಝಾಪ್ಡೋಸ್‌ನ ಸ್ಟ್ಯಾಟಿಕ್, ಮೋಲ್ಟ್ರೆಸ್‌ನ ಫ್ಲೇಮ್ ಬಾಡಿ ಪ್ರತಿ ತಾಗಿಗೆ 30%. ಮೂರು ಸಲ ತಾಗಿದರೆ ಸುಮಾರು 66%, ಅಂದರೆ ಮೂರರಲ್ಲಿ ಎರಡು ಸಲ ಲಕ್ವ ಅಥವಾ ಸುಟ್ಟ ಗಾಯ. ಸುಟ್ಟ ವೀವೈಲ್‌ನ ಏಟು ಅರ್ಧ. ಅದು ಮೈದಾನದಲ್ಲಿದ್ದೂ ಇಲ್ಲದ ಹಾಗೆ. ಝಾಪ್ಡೋಸ್ ಎದುರು ಐಸ್ ದುಪ್ಪಟ್ಟು ತಾಗುತ್ತೆ ಅಂತ ಕಣ್ಣು ಮುಚ್ಚಿ ಒತ್ತೋದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮುಗಿಸುತ್ತೆ ಅಂತ ಲೆಕ್ಕ ಸಿಕ್ಕರೆ ಮಾತ್ರ ಒತ್ತಿ.

ಅದಕ್ಕೇ ಮ್ಯಾಚ್‌ನ ಮೊದಲರ್ಧದಲ್ಲಿ ನಾಕ್ ಆಫ್ ಕೆಲಸ. ಎದುರಾಳಿ ಕೈಯಲ್ಲಿ ವಸ್ತು ಇದ್ದರೆ 65ರ ಪವರ್ 97.5 ಆಗುತ್ತೆ. ಗೋಲ್ಡೆಂಗೋ, ಗಲಾರ್ ಸ್ಲೋಕಿಂಗ್‌ಗೆ ದುಪ್ಪಟ್ಟು ಬೀಳುತ್ತೆ. ಗ್ರೇಟ್ ಟಸ್ಕ್ ಒಳಗೆ ಬಂದು ಅರ್ಧ ತಡೆದರೂ ಹೆಲ್ಮೆಟ್ ಕಳೆದುಕೊಂಡಿರುತ್ತೆ. 46 ಒಂದೇ ಸಲ ತೆತ್ತು ಮುಂದಿನ 138 ಉಳಿಸಿದಂತೆ. ಟಸ್ಕ್ ಬಂದ ಕೂಡಲೇ ಟ್ರಿಪಲ್ ಆಕ್ಸೆಲ್‌ನಿಂದ ಹೊಡೆದು ಬಿಡೋಣ ಅನ್ನೋರು ಈ ಲೆಕ್ಕ ನೋಡಿ: ಎಚ್‌ಪಿ, ಡಿಫೆನ್ಸ್‌ಗೆ ಇವಿ ಇಲ್ಲದ ಟಸ್ಕ್‌ಗೆ (ಎಚ್‌ಪಿ 371) ಮೂರೂ ತಾಗಿ ಅತಿ ಹೆಚ್ಚು ಬಿದ್ದರೂ 358. ಸ್ಟೆಲ್ತ್ ರಾಕ್‌ನಿಂದ ಅದಕ್ಕೆ ಬರೀ 11. ಎರಡು ಎಚ್‌ಪಿ ಇಟ್ಟುಕೊಂಡು ಫೈಟಿಂಗ್ ಜಾತಿಯ ಕ್ಲೋಸ್ ಕಾಂಬ್ಯಾಟ್ ಕೊಡುತ್ತೆ, ಅದು ನಮಗೆ ನಾಲ್ಕು ಪಟ್ಟು.

ಒಳಗೆ ತರೋದು ಹೇಗೆ? ನಮ್ಮದೊಂದು ಬಿದ್ದ ಮೇಲೆ ಬರೋದು ಬಿಟ್ಟಿ ಪ್ರವೇಶ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೈಕಿಕ್ ಮೂವ್ ಬರುತ್ತೆ ಅಂತ ಖಾತ್ರಿ ಇದ್ದರೆ ನೇರವಾಗಿ ತರಬಹುದು, ಏನೂ ಆಗಲ್ಲ. ಇವೆರಡೂ ಇಲ್ಲದಾಗ ನಿಧಾನದ ಜೊತೆಗಾರ ಬೇಕು, ಅದಕ್ಕೆ ಗಲಾರ್ ಸ್ಲೋಕಿಂಗ್‌ನ ಚಿಲ್ಲಿ ರಿಸೆಪ್ಷನ್‌ಗೆ ಸಾಟಿಯಿಲ್ಲ. ಸ್ಲೋಕಿಂಗ್‌ನ ಬೇಸ್ ಸ್ಪೀಡ್ 30. ಎದುರಾಳಿಯ ಏಟನ್ನು ಮೊದಲು ತಾನು ತಿಂದು, ಆಮೇಲೆ ಜಾಗ ಬಿಡುತ್ತೆ. ಬಿಡುವಾಗ ಹಿಮ ಸುರಿಸಿ ಹೋಗುತ್ತೆ, ಈ ಪೀಳಿಗೆಯಲ್ಲಿ ಹಿಮ ಇದ್ದರೆ ಐಸ್ ಜಾತಿಯವುಗಳ ಡಿಫೆನ್ಸ್ ಒಂದೂವರೆ ಪಟ್ಟು. 167 ಇದ್ದದ್ದು 250. ಡ್ರಾಗನ್ ಡಾನ್ಸ್ ಆದ ಆ ಎಕ್ಸ್‌ಟ್ರೀಮ್ ಸ್ಪೀಡ್ ಈಗ ಕೊಲ್ಲಲ್ಲ. ಹಿಮ ಐದು ಟರ್ನ್, ಸುರಿಸಿದ ಟರ್ನ್ ಸೇರಿಸಿ. ನಮಗೆ ಸಿಗೋದು ನಾಲ್ಕು. ಕ್ಲೋಸ್ ಕಾಂಬ್ಯಾಟ್‌ಗೆ ಹಿಮ ಇದ್ದರೂ ಉಳಿಯಲ್ಲ, ಸ್ಪೆಷಲ್ ಏಟಿಗೆ ಹಿಮದಿಂದ ಏನೂ ಪ್ರಯೋಜನ ಇಲ್ಲ.

ಟೆರಾ ವಿಚಾರ ಚಿಕ್ಕದು. ಐಸ್ ಟೆರಾ ಆದರೆ ಟ್ರಿಪಲ್ ಆಕ್ಸೆಲ್‌ಗೆ ಸಿಗುವ ಸ್ವಜಾತಿಯ ಬೋನಸ್ ಒಂದೂವರೆಯಿಂದ ಎರಡು ಪಟ್ಟಿಗೆ ಏರುತ್ತೆ, ಫೈಟಿಂಗ್ ನಾಲ್ಕರಿಂದ ಎರಡಕ್ಕೆ ಇಳಿಯುತ್ತೆ, ಹಿಮದ ರಕ್ಷಣೆಯೂ ಉಳಿಯುತ್ತೆ. 60ಕ್ಕಿಂತ ಕಡಿಮೆ ಪವರ್‌ನ ಮೂವ್ ಟೆರಾದಲ್ಲಿ 60ಕ್ಕೆ ಏರುತ್ತೆ ಅನ್ನೋ ನಿಯಮ ಐಸ್ ಶಾರ್ಡ್‌ಗೆ ಅನ್ವಯಿಸಲ್ಲ. ಮೊದಲು ಹೋಗುವ ಮೂವ್‌ಗಳನ್ನೂ ಹಲವು ಏಟಿನವನ್ನೂ ಅದು ಹೊರಗಿಟ್ಟಿದೆ. ಘೋಸ್ಟ್ ಟೆರಾ ಎಕ್ಸ್‌ಟ್ರೀಮ್ ಸ್ಪೀಡ್, ಕ್ಲೋಸ್ ಕಾಂಬ್ಯಾಟ್ ಎರಡನ್ನೂ ತಪ್ಪಿಸುತ್ತೆ, ಆದರೆ ಹಿಮದ ಲಾಭ ಹೋಗುತ್ತೆ.

ನಾಲ್ಕನೇ ಮೂವ್ ಆಯ್ಕೆಗೆ ಕಿಂಗಾಂಬಿಟ್ ನೋಡಿ. ಅದು ಐಸ್, ಡಾರ್ಕ್ ಎರಡನ್ನೂ ಅರ್ಧ ಮಾಡಿಕೊಳ್ಳುತ್ತೆ. ತೂಕ 120 ಕಿಲೋ, ಹಾಗಾಗಿ ಲೋ ಕಿಕ್ ಅಲ್ಲಿ 100 ಪವರ್, ನಾಲ್ಕು ಪಟ್ಟು. ಎಚ್‌ಪಿಗೆ 252 ಹಾಕಿದ್ದಕ್ಕೂ 356ರಿಂದ 420 ಬೀಳುತ್ತೆ, ಅದರ ಎಚ್‌ಪಿ 404. ನಮ್ಮ ಟೀಮ್‌ನಲ್ಲಿ ಕಿಂಗಾಂಬಿಟ್‌ಗೆ ಬೇರೆ ಉತ್ತರ ಇದ್ದರೆ ಸೋರ್ಡ್ಸ್ ಡಾನ್ಸ್ ಒಳ್ಳೇದು. ಕಿಂಗಾಂಬಿಟ್‌ನ ಸಕ್ಕರ್ ಪಂಚ್ ನಾವು ಹೊಡೆಯಲು ಹೊರಟಾಗ ಮಾತ್ರ ತಾಗೋದು, ಅದು ಒತ್ತಿದ ಟರ್ನ್‌ನಲ್ಲೇ ನಾವು ಸೋರ್ಡ್ಸ್ ಡಾನ್ಸ್ ಕುಣಿದುಬಿಟ್ಟರೆ ಅದರ ಟರ್ನ್ ದಂಡ. ಡೊಂಡೋಝೊ ಇದ್ದ ಟೀಮ್ ಎದುರು ಮಾತ್ರ ಕುಣಿದು ಫಲವಿಲ್ಲ, ಅನ್‌ಅವೇರ್ ಅನ್ನೋ ಅದರ ಗುಣ ನಾವು ಏರಿಸಿದ್ದನ್ನೆಲ್ಲ ಕಡೆಗಣಿಸುತ್ತೆ.

ರೇಜಿಂಗ್ ಬೋಲ್ಟ್‌ನ ಥಂಡರ್‌ಕ್ಲ್ಯಾಪ್ ಕೂಡ ಸಕ್ಕರ್ ಪಂಚ್ ಥರದ್ದೇ. ನಮ್ಮ ಐಸ್ ಶಾರ್ಡ್‌ಗೂ ಅದಕ್ಕೂ ಒಂದೇ ಆದ್ಯತೆ, ವೀವೈಲ್ ವೇಗ ಹೆಚ್ಚು. ಶಾರ್ಡ್ ಮೊದಲು ಬಿದ್ದು ಥಂಡರ್‌ಕ್ಲ್ಯಾಪ್ ವಿಫಲ ಆಗುತ್ತೆ. ಎಚ್‌ಪಿ, ಡಿಫೆನ್ಸ್‌ಗೆ ಇವಿ ಹಾಕದ ಬೋಲ್ಟ್‌ಗೆ (ಎಚ್‌ಪಿ 391) ಶಾರ್ಡ್ 134ರಿಂದ 162. ಮೂರನೇ ಒಂದು ಭಾಗ ಉಳಿದಿದೆ ಅನ್ನಿಸಿದಾಗಲೇ ಒತ್ತಬೇಕು. ಮೊದಲೇ ಒತ್ತಿದರೆ ಅದು ಮುಂದಿನ ಟರ್ನ್‌ಗೆ ಸ್ಪೆಷಲ್ ಬಲ ಏರಿಸುವ ಕಾಮ್ ಮೈಂಡ್ ಮಾಡಿಕೊಂಡು ಕೂರುತ್ತೆ.