ರೂಮಿಗೆ ಮುಂಗಡ: ಲಾಡ್ಜಿಗೋ, ಆ್ಯಪಿಗೋ, ಯಾರಿಗೂ ಬೇಡವೋ?

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿ ಜಾತ್ರೆ, ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. ಈ ದಿನಗಳಲ್ಲಿ ನಮ್ಮ ಭಾಗದ ಲಾಡ್ಜುಗಳು ಮುಂಗಡವಿಲ್ಲದೆ ಹೆಸರು ಬರೆದುಕೊಳ್ಳುವುದೇ ಅಪರೂಪ. ವಿಜಯಪುರದಲ್ಲಿ ನೆಲೆಸಿರುವ ನನಗೆ ಬೆಂಗಳೂರು, ಪುಣೆಗಳಿಂದ ಬರುವ ಬೀಗರಿಗೂ ಸ್ನೇಹಿತರಿಗೂ ರೂಮು ಹಿಡಿದುಕೊಡುವ ಕೆಲಸ ವರ್ಷವಿಡೀ ಇದ್ದೇ ಇರುತ್ತದೆ. ಹೀಗಾಗಿ ಮುಂಗಡದ ಎಲ್ಲ ಬಗೆಗಳನ್ನೂ ಬಳಸಿ ನೋಡಿದ್ದೇನೆ.

ಮುಂಗಡವೇ ಇಲ್ಲದ ಬುಕಿಂಗ್ ನೋಡಲು ಎಲ್ಲಕ್ಕಿಂತ ಸುರಕ್ಷಿತ. ಹಣ ನಮ್ಮ ಜೇಬಿನಲ್ಲಿಯೇ ಇರುತ್ತದೆ. ಗೋಲಗುಮ್ಮಟ ನೋಡಲು ವಾರದ ನಡುವೆ ಬರುವವರಿಗೆ ಇದು ಸಾಕು. ಆದರೆ ಜಾತ್ರೆಯ ದಿನ ಮ್ಯಾನೇಜರ್ ಫೋನಿನಲ್ಲಿಯೇ, "ಎಂಟರ ತನಕ ಬರ್ರಿ ಸಾಹೇಬ್ರ, ಆಮ್ಯಾಲೆ ರೂಮ್ ಹೋದ್ರ ಸಿಟ್ಟಾಗಬ್ಯಾಡ್ರಿ" ಎಂದುಬಿಡುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಹಣ ಕೊಡದವರಿಗಾಗಿ ರೂಮು ಖಾಲಿ ಇಟ್ಟುಕೊಂಡು ಕೂತರೆ ನಷ್ಟ ಅವರದೇ.

ಆ್ಯಪಿನಲ್ಲಿ ಪೂರ್ತಿ ಬಾಡಿಗೆ ಮೊದಲೇ ಕಟ್ಟಿದರೆ ದರ ಸಾಮಾನ್ಯವಾಗಿ ಕಡಿಮೆ. ಒಂದೇ ರೂಮಿಗೆ ಎರಡು ದರಗಳಿದ್ದರೆ ಅಗ್ಗದ್ದು ಹೆಚ್ಚಾಗಿ ಹಣ ಹಿಂದಿರುಗದ ದರವಾಗಿರುತ್ತದೆ. ಉಚಿತವಾಗಿ ರದ್ದು ಮಾಡಲು ಅವಕಾಶವಿದ್ದರೂ ಅದರ ಗಡುವನ್ನು ಗಂಟೆಯ ಸಮೇತ ಓದಿಕೊಳ್ಳಬೇಕು. ಚೆಕ್‌ಇನ್‌ಗೆ 24 ಗಂಟೆ ಮೊದಲು ಎಂದಿದ್ದರೆ, ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೇ ಬಾಗಿಲು ಮುಚ್ಚಿರುತ್ತದೆ. ಬೀಗರ ಮನೆಯಲ್ಲಿ ಸೂತಕವಾಗಿ ಪ್ರಯಾಣ ನಿಂತಾಗ ಹೋಟೆಲಿನವರು ಆ್ಯಪಿನವರನ್ನು ಕೇಳಿ ಎಂದರು, ಆ್ಯಪಿನವರು ಹೋಟೆಲ್ ಒಪ್ಪಿದರೆ ಕೊಡುತ್ತೇವೆ ಎಂದರು; ಕೊನೆಗೆ ಹಣ ಬರಲೇ ಇಲ್ಲ. ಇಬ್ಬರ ನಡುವೆ ಹಣ ಸಿಕ್ಕಿಕೊಂಡರೆ ಕೇಳುವ ಜಾಗವೇ ಗೊತ್ತಾಗುವುದಿಲ್ಲ ಎಂಬುದು ಈ ಬಗೆಯ ದೊಡ್ಡ ಕೊರತೆ, ಅಗ್ಗದ ದರ ಅದನ್ನು ತುಂಬುವುದಿಲ್ಲ.

ಲಾಡ್ಜಿಗೆ ನೇರವಾಗಿ ಒಂದು ರಾತ್ರಿಯ ಬಾಡಿಗೆಯನ್ನು ಮುಂಗಡವಾಗಿ ಕಳಿಸುವುದು ನನಗೆ ಹೆಚ್ಚು ಒಗ್ಗಿದ ದಾರಿ. ಇಲ್ಲಿ ಮುಖ್ಯವಾದದ್ದು ಮೊತ್ತಕ್ಕಿಂತ ಬರಹ. ಹಣ ಲಾಡ್ಜಿನ ಹೆಸರಿನ ಖಾತೆಗೆ ಹೋಗುತ್ತಿದೆಯೋ, ಕೌಂಟರಿನಲ್ಲಿ ಕೂತವರ ಸ್ವಂತ ನಂಬರಿಗೋ ಎಂಬುದನ್ನು ಯುಪಿಐ ಪರದೆಯ ಮೇಲೆ ಹೆಸರು ಕಂಡಾಗಲೇ ನೋಡಬೇಕು. ಹಗಲು ಪಾಳಿಯವರು ಪಡೆದ ಹಣ ರಾತ್ರಿ ಪಾಳಿಯ ರಿಜಿಸ್ಟರಿನಲ್ಲಿ ಇಲ್ಲದ ಪ್ರಸಂಗಗಳಿವೆ; ಆಗ ಕೈಯಲ್ಲಿರುವ ಒಂದು ವಾಟ್ಸ್ಆ್ಯಪ್ ಸಂದೇಶವೇ ಜಗಳ ತಪ್ಪಿಸುತ್ತದೆ. ತಾರೀಖು, ರೂಮುಗಳ ಸಂಖ್ಯೆ, ತೆರಿಗೆ ಸೇರಿದ ದರ, ರದ್ದಾದರೆ ಎಷ್ಟು ವಾಪಸ್ಸು, ಇಷ್ಟನ್ನು ಬರೆದು ಕಳಿಸಿ "ಓಕೆ" ಎಂಬ ಉತ್ತರ ಬಂದ ಮೇಲೆಯೇ ನಾನು ಹಣ ಹಾಕುವುದು. ದಿನದ ಲೆಕ್ಕವನ್ನೂ ಕೇಳಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗ್ಗೆಯೇ ಇಲ್ಲಿ ಇಳಿಯುತ್ತಾರೆ. 24 ಗಂಟೆಯ ಲೆಕ್ಕವಿರುವ ಲಾಡ್ಜಿನಲ್ಲಿ ಅವರ ದಿನ ಆಗಲೇ ಶುರುವಾಗುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ದಿನ ಶುರುವಾಗುವ ಲೆಕ್ಕದಲ್ಲಿ ಅಲ್ಲಿಯವರೆಗೆ ಕಾಯಬೇಕು, ಇಲ್ಲವೇ ಇನ್ನೊಂದು ದಿನದ ಬಾಡಿಗೆ ಕೊಡಬೇಕು.

ತೆರಿಗೆಯ ಮಾತು ಬಂದದ್ದರಿಂದ ಹೇಳುವುದಾದರೆ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. 2,000 ರೂಪಾಯಿಯ ರೂಮು ಈಗ 2,240ರ ಬದಲು 2,100ಕ್ಕೆ ಬರಬೇಕು. ಜಿಎಸ್‌ಟಿ ನೋಂದಣಿ ಇರುವ ಹೋಟೆಲು ಮುಂಗಡ ಪಡೆದಾಗ ರಸೀದಿ ವೋಚರ್ ಕೊಡಬೇಕು. ಆಮೇಲೆ ಸೇವೆ ಕೊಡದೆ, ಬಿಲ್ಲನ್ನೂ ಮಾಡದೆ ಹಣ ಹಿಂದಿರುಗಿಸಿದರೆ ಅದಕ್ಕೂ ಪ್ರತ್ಯೇಕ ವೋಚರ್ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಕೇಳಿದರೆ ಮುಖ ಸಿಂಡರಿಸುವವರೂ ಇದ್ದಾರೆ, ಆದರೂ ಕೇಳಬೇಕು.

ಬಾಡಿಗೆಯ ಮೇಲೆ ಬೇರೆಯಾಗಿ ಇಡಿಸಿಕೊಳ್ಳುವ ಡಿಪಾಸಿಟ್ಟಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ನಗದು ಇಟ್ಟವರು ಬೆಳಗಿನ ಜಾವ ಐದಕ್ಕೆ ಹೊರಟರೆ, ಕೌಂಟರಿನ ಹುಡುಗ "ಮಾಲಕರು ಒಂಬತ್ತಕ್ಕ ಬರ್ತಾರ್ರೀ" ಎನ್ನುತ್ತಾನೆ. ಬೆಳಗಾವಿಯ ಒಂದು ದೊಡ್ಡ ಹೋಟೆಲಿನಲ್ಲಿ ಕಾರ್ಡಿನ ಮೇಲೆ ಮೊತ್ತವನ್ನು ತಡೆಹಿಡಿದರು. ಹಣ ಅವರ ಖಾತೆಗೆ ಹೋಗದಿದ್ದರೂ, ರೂಮು ಬಿಟ್ಟ ಮೇಲೂ ಕೆಲವು ದಿನ ನಮ್ಮ ಬಳಕೆಗೆ ಸಿಗಲಿಲ್ಲ. ಇಂಥ ಕಡೆ ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡ್ ಕೊಡುವುದು ಮೇಲು, ಏಕೆಂದರೆ ತಡೆಯಾಗುವುದು ಸಾಲದ ಮಿತಿ, ಉಳಿತಾಯದ ಹಣವಲ್ಲ.

ಗ್ರಾಹಕರಿಂದ ತೀರಾ ಅತಿಯಾದ ಭದ್ರತಾ ಠೇವಣಿ ಕೇಳುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂದೇ ಗುರುತಿಸಿದೆ. ಆದರೆ ಅಂಥ ದೂರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಎರಡು ಸಾವಿರ ರೂಪಾಯಿಗಾಗಿ ಅಷ್ಟು ಅಲೆಯುವವರು ಯಾರು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು ಅದಕ್ಕಿಂತ ಸುಲಭ.

ಮದುವೆಗೆಂದು ಹತ್ತಾರು ರೂಮು ಹಿಡಿಯುವಾಗ ಮಾತ್ರ ಒಂದು ರಾತ್ರಿಯ ಮುಂಗಡಕ್ಕೆ ಲಾಡ್ಜಿನವರು ಒಪ್ಪುವುದಿಲ್ಲ, ಅರ್ಧ ಹಣ ಕೇಳುತ್ತಾರೆ. ಆಗ ನಾನು ಅರ್ಧ ಕೊಟ್ಟು, ಒಂದು ವಾರ ಮೊದಲು ತಿಳಿಸಿದರೆ ಬೇಡವಾದ ರೂಮುಗಳ ಮುಂಗಡವನ್ನು ಉಳಿದ ರೂಮುಗಳ ಬಾಡಿಗೆಗೆ ಜಮಾ ಮಾಡಬೇಕು ಎಂದು ಬರೆಸಿಕೊಳ್ಳುತ್ತೇನೆ. ಹಣ ವಾಪಸ್ಸು ಕೊಡಿ ಎಂದರೆ ಹಿಂಜರಿಯುವ ಮಾಲೀಕರು ಈ ಏರ್ಪಾಟಿಗೆ ಸಾಮಾನ್ಯವಾಗಿ ಒಪ್ಪುತ್ತಾರೆ.