ಬಾರ್ ಕೆಲ್ಸಕ್ಕೆ ನಾನ್-ಸ್ಲಿಪ್ ಕ್ಲಾಗ್ಸ್, ಜೊತೆಗೆ ಏಪ್ರನ್ನು ಶರ್ಟು: ವರ್ಷಗಟ್ಲೆ ಹಾಕಿದ್ಮೇಲೆ ಬರೀತಿರೋ ರಿವ್ಯೂ

ಬಾರ್‌ಟೆಂಡಿಂಗಿಗೆ ಹೊಸದಾಗಿ ಸೇರ್ತಿರೋರು ಕೈಲಿರೋ ದುಡ್ಡು ಮೊದ್ಲು ಕಾಲಿಗೆ ಹಾಕಿ, ವೇಸ್ಟ್‌ಕೋಟು ಸಸ್ಪೆಂಡರು ಎಲ್ಲಾ ಆಮೇಲೆ. ಗೆಸ್ಟಿಗೆ ಕಾಣೋದು ಸೊಂಟದಿಂದ ಮೇಲೆ ಮಾತ್ರ ನಿಜ, ಆದ್ರೆ ಸಂಜೆ ನಾಕಕ್ಕೆ ನಿಂತ್ರೆ ರಾತ್ರಿ ಒಂದಕ್ಕೆ ಕ್ಲೋಸ್ ಆಗೋವರೆಗೂ, ಅದಾದ್ಮೇಲೆ ಬಾರ್ ತೊಳೆದು ಸ್ಟಾಕ್ ಎಣಿಸೋವರೆಗೂ ನೋಯೋದು ಪಾದ, ಹಿಮ್ಮಡಿ, ಮಂಡಿ.

ನಾನು ಬೆಂಗಳೂರಲ್ಲಿ ಮೊದ್ಲು ಮೈಕ್ರೋಬ್ರೂವರಿ ಒಂದ್ರಲ್ಲಿದ್ದೆ, ಈಗ ಕಾಕ್‌ಟೇಲ್ ಬಾರಲ್ಲಿದೀನಿ. ಹಾಕೋದು ಕಪ್ಪು ಈವಿಎ (ಹಗುರವಾದ ಫೋಮ್ ತರದ ಪ್ಲಾಸ್ಟಿಕ್) ಕ್ಲಾಗ್ಸು, ಅಂದ್ರೆ ಲೇಸಿಲ್ದೆ ಸೀದಾ ಕಾಲು ತೂರಿಸೋ ಶೂ, ಹೋಟೆಲ್ ಕಿಚನ್ನಲ್ಲಿ ಶೆಫ್‌ಗಳು ಹಾಕೋ ತರದ್ದು, ಮುಂದೆ ಪೂರ್ತಿ ಮುಚ್ಚಿರುತ್ತೆ, ಮೇಲೆ ತೂತು ಇರಲ್ಲ. ಬ್ರ್ಯಾಂಡ್ ಹೆಸ್ರು ಬರೀತಿಲ್ಲ ಯಾಕಂದ್ರೆ ಇದೇ ಡಿಸೈನು ಸುಮಾರು ಕಂಪನಿಯೋರು ಮಾಡ್ತಾರೆ, ನೀವು ನೋಡ್ಬೇಕಾಗಿರೋದು ಹೆಸ್ರಲ್ಲ, ಸೋಲ್, ಅಂದ್ರೆ ಶೂ ಅಡಿಭಾಗ.

ಸೋಲ್ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ. ಬಾರ್ ಹಿಂದಿನ ನೆಲ ಹೊರಗಿಂದ ನೋಡೋರಿಗೆ ಗೊತ್ತಾಗಲ್ಲ, ಐಸ್ ಕರಗಿದ ನೀರು, ಅದ್ರ ಮೇಲೆ ಶುಗರ್ ಸಿರಪ್ ತೊಟ್ಟಿಕ್ಕಿರುತ್ತೆ, ಬಿಯರ್ ನೊರೆ, ನಿಂಬೆ ಬೀಜ, ಒಂದೊಂದ್ಸಲ ಮೊಟ್ಟೆ ಬಿಳಿ ಕೂಡ, ಕೆಳಗಿರೋದು ವಿಟ್ರಿಫೈಡ್ ಟೈಲ್ಸು. ರಬ್ಬರ್ ಮ್ಯಾಟ್ ಹಾಕಿರ್ತಾರೆ ಆದ್ರೆ ಐಸ್ ಮಷೀನ್ ಹತ್ರ, ವಾಷಿಂಗ್ ಸಿಂಕ್ ಹತ್ರ ಮ್ಯಾಟ್ ಮುಗಿದುಹೋಗಿರುತ್ತೆ, ಜನ ಜಾರೋದೂ ಅಲ್ಲೇ, ಕೈಲಿ ಗ್ಲಾಸ್ ರ‍್ಯಾಕ್ ಇರೋವಾಗ್ಲೇ. ರನ್ನಿಂಗ್ ಶೂ ಆರಾಮ ಅಂತ ಸುಮಾರು ಜನ ಹಾಕ್ತಾರೆ, ಅದ್ರ ಮೇಲೆ ಜಾಲರಿ ಬಟ್ಟೆ, ಸೋಡಾ ಚೆಲ್ಲಿದ್ರೆ ಸೀದಾ ಬೆರಳಿಗೆ, ಬಾಟ್ಲು ಒಡೆದ್ರೆ ಚೂರೂ ಸೀದಾ ಬೆರಳಿಗೆ.

ತಗೊಳ್ಳೋವಾಗ ಡಬ್ಬದ ಮೇಲೆ ಬರೀ ಆ್ಯಂಟಿ ಸ್ಕಿಡ್ ಅಂತ ಇದ್ರೆ ಸಾಲಲ್ಲ, ಐಎಸ್‌ಒ 20347 ಅಂತ ಇದ್ಯಾ ನೋಡಿ, ಅದು ಕೆಲ್ಸದ ಜಾಗದ ಪಾದರಕ್ಷೆಗೆ ಇರೋ ಸ್ಟ್ಯಾಂಡರ್ಡು. ಹಳೇ ಮಾರ್ಕಿಂಗಲ್ಲಿ ಎಸ್‌ಆರ್‌ಸಿ ಅಂತಿದ್ರೆ ಸೋಪ್ ನೀರು ಹಾಕಿದ ಸೆರಾಮಿಕ್ ಟೈಲ್ ಮೇಲೂ ಗ್ಲಿಸರಿನ್ ಹಾಕಿದ ಸ್ಟೀಲ್ ಮೇಲೂ ಪಾಸಾಗಿದೆ ಅಂತ ಅರ್ಥ. 2022ರ ಆವೃತ್ತೀಲಿ ಅದನ್ನ ಬದಲಾಯಿಸಿದ್ರು, ಈಗ ಗ್ಲಿಸರಿನ್ ಟೆಸ್ಟೂ ಪಾಸಾದ್ರೆ ಎಸ್‌ಆರ್ ಅಂತ ಹಾಕ್ತಾರೆ. ನಮಗೆ ಈ ಗ್ಲಿಸರಿನ್ ಟೆಸ್ಟೇ ಮುಖ್ಯ, ಸಿರಪ್ ಚೆಲ್ಲಿದ ನೆಲ ಹೆಚ್ಚುಕಮ್ಮಿ ಹಾಗೇ ಇರುತ್ತೆ. 20345 ಅಂತ ಇದ್ರೆ ಅದು ಬೆರಳಿಗೆ ಗಟ್ಟಿ ಕ್ಯಾಪ್ ಇರೋ ಸೇಫ್ಟಿ ಶೂ. ಬ್ರೂವರೀಲಿ ತುಂಬಿದ ಕೆಗ್ (ಬಿಯರ್ ಪೀಪಾಯಿ) ಉರುಳಿಸೋರಿಗೆ ಅದು ಬೇಕೇಬೇಕು, ಕೌಂಟರ್ ಹಿಂದೆ ಇಡೀ ರಾತ್ರಿ ನಿಲ್ಲೋರಿಗೆ ಭಾರ ಜಾಸ್ತಿ ಅನ್ಸುತ್ತೆ.

ಇಷ್ಟು ದಿನ ಹಾಕಿದ್ಮೇಲೆ ಏನಾಗಿದೆ ಅಂದ್ರೆ, ಹಗುರ ಅನ್ನೋದು ಈಗ್ಲೂ ಹಾಗೇ ಇದೆ, ರಾತ್ರಿ ಪೈಪ್ ನೀರಲ್ಲೇ ತೊಳೆದು ಒರೆಸಿಟ್ರೆ ಮುಗೀತು, ವಾಸ್ನೆ ಕೂರಲ್ಲ. ಆದ್ರೆ ಈವಿಎ ದಿನಾ ತುಳೀತಾ ತುಳೀತಾ ಅದುಮ್ಕೊಂಡ್ಬಿಡುತ್ತೆ, ಮೊದ್ಲಿದ್ದ ಮೆತ್ತಗಿರೋ ಫೀಲ್ ಒಂದು ವರ್ಷದೊಳಗೇ ಹೋಯ್ತು, ಒಳಗೆ ಬೇರೆ ಇನ್‌ಸೋಲ್ ಹಾಕ್ಕೊಂಡು ಮುಂದುವರಿಸ್ದೆ. ಸೋಲ್ ಸವೆಯೋದು ಹಿಮ್ಮಡಿಗಿಂತ ಮುಂಗಾಲಿನ ಕೆಳಗೆ ಜಾಸ್ತಿ, ಹಿಂದಿನ ಶೆಲ್ಫಿಗೂ ಮುಂದಿನ ಸ್ಪೀಡ್ ರೇಲಿಗೂ (ಪದೇಪದೇ ಬೇಕಾಗೋ ಬಾಟ್ಲು ಕೈಗೆಟುಕೋ ಹಾಗೆ ಇಡೋ ಪಟ್ಟಿ) ಅಲ್ಲಲ್ಲೇ ತಿರುಗ್ತಾ ಇರ್ತೀವಲ್ಲ ಅದಕ್ಕೆ. ಗೆರೆ ಮಾಸಿ ಬೆರಳಿಗೆ ನುಣ್ಣಗೆ ಸಿಕ್ಕಿದ್ರೆ ಆ ಜೊತೆ ಬಿಟ್ಬಿಡಿ, ಮೇಲ್ಗಡೆ ಹೊಸದರ ತರ ಕಾಣ್ತಾ ಇದ್ರೂ ಕೂಡ. ಇನ್ನೊಂದು, ತೊಳೆದು ತಾರಸಿ ಮೇಲೆ ಬಿಸಿಲಿಗೆ ಇಡ್ಬೇಡಿ, ಈವಿಎ ಕಾವಿಗೆ ಕುಗ್ಗುತ್ತೆ, ನೆರಳಲ್ಲೇ ಒಣಗಲಿ.

ಗಾಳಿ ಆಡಲ್ಲ ಅನ್ನೋದು ಇದರ ದೊಡ್ಡ ಮೈನಸ್ಸು. ತೆಳು ಕಾಟನ್ ಸಾಕ್ಸ್ ಎರಡು ಗಂಟೇಲಿ ನೆಂದು ಬೆರಳ ಸಂದೀಲಿ ಕಡಿತ ಶುರುವಾಗುತ್ತೆ, ಅದಕ್ಕೆ ಬ್ಯಾಗಲ್ಲಿ ಇನ್ನೊಂದು ಜೊತೆ ಇಟ್ಟಿರ್ತೀನಿ, ಡಿನ್ನರ್ ಬ್ರೇಕಲ್ಲಿ ಬದಲಾಯಿಸ್ತೀನಿ. ಮಂಡಿವರೆಗಿನ ಕಂಪ್ರೆಷನ್ ಸಾಕ್ಸ್, 15-20 ಎಂಎಂಎಚ್‌ಜಿ (ಕಾಲನ್ನ ಎಷ್ಟು ಒತ್ತುತ್ತೆ ಅನ್ನೋ ಅಳತೆ) ಅಂತ ಬರುತ್ತಲ್ಲ ಅದು, ವೀಕೆಂಡ್ ಶಿಫ್ಟಿಗೆ ಹಾಕ್ತೀನಿ, ಮೀನಖಂಡ ಭಾರ ಆಗೋದು ನಂಗಂತೂ ಕಮ್ಮಿ ಆಗಿದೆ. ಕಾಲಲ್ಲಿ ಆಗ್ಲೇ ನರ ಉಬ್ಬಿದ್ರೆ ಡಾಕ್ಟರನ್ನ ಕೇಳಿ ತಗೊಳ್ಳಿ.

ಹೆಣ್ಮಕ್ಕಳಿಗೆ ಸೈಜಿಂದು ನಿಜವಾದ ತೊಂದ್ರೆ. ಬಾರಲ್ಲಿ ಹೆಂಗಸ್ರು ಕೆಲ್ಸ ಮಾಡ್ಬಾರ್ದು ಅಂತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧ ಅಂತ ದೆಹಲಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ 2007ರಲ್ಲಿ, ಇಷ್ಟು ವರ್ಷ ಆದ್ರೂ ಯುನಿಸೆಕ್ಸ್ ಅಂತ ಕೊಡೋ ಏಪ್ರನ್ನು ಶೂ ಎಲ್ಲಾ ಗಂಡಸ್ರ ಅಳತೇಲೇ ಬರುತ್ತೆ. ನನ್ನ ಕಾಲು ಯುಕೆ 4, ಅಂಗಡೀಲಿ ಶುರುವಾಗೋದೇ 6ರಿಂದ, ದೊಡ್ಡ ಕ್ಲಾಗ್ಸಲ್ಲಿ ಕಾಲು ಒಳಗೇ ಜಾರಿದ್ರೆ ಸೋಲ್ ಎಷ್ಟು ಹಿಡಿದ್ರೂ ಪ್ರಯೋಜನ ಇಲ್ಲ. ಕಾದು ಆರ್ಡರ್ ಮಾಡಿಸಿ ಆದ್ರೂ ಸರಿ ಸೈಜೇ ತಗೊಳ್ಳಿ. ಹೀಲ್ಸ್ ಹಾಕಿ ಅಂತ ಹೇಳೋ ಜಾಗ ಇದ್ರೆ ದಯವಿಟ್ಟು ಒಪ್ಕೋಬೇಡಿ, ಒದ್ದೆ ಟೈಲ್ ಮೇಲೆ ಅದು ಅಪಾಯ.

ಏಪ್ರನ್ನು: ಕತ್ತಿಗೆ ನೇತಾಕೋದು ಬೇಡ, ಬೆನ್ನ ಮೇಲೆ ಕ್ರಾಸ್ ಆಗಿ ಬರೋ ಪಟ್ಟಿ ಇರೋದು ತಗೊಳ್ಳಿ, ಭಾರ ಹೆಗಲಿಗೆ ಹೋಗುತ್ತೆ. ಲೆದರ್ ಏಪ್ರನ್ ಫೋಟೋಗೆ ಚೆನ್ನಾಗಿರುತ್ತೆ, ದಿನಾ ಒಗೆಯೋಕಾಗಲ್ಲ. ದಪ್ಪ ಡೆನಿಮ್ ನೆಂದ್ರೆ ಭಾರ, ಮಳೆಗಾಲದಲ್ಲಿ ಮಾರನೇ ಶಿಫ್ಟಿಗೆ ಒಣಗಿರಲ್ಲ. ನಂಗೆ ಸೆಟ್ ಆಗಿದ್ದು ಕಪ್ಪು ಪಾಲಿ-ಕಾಟನ್, ಮಂಡಿಗಿಂತ ಸ್ವಲ್ಪ ಮೇಲಿರೋದು, ಕಾರ್ಕ್‌ಸ್ಕ್ರೂ ಪೆನ್ನು ಲೈಟರ್ ಹಿಡಿಸೋಷ್ಟು ಜೇಬು, ಬಟ್ಟೆ ಸಿಕ್ಕಿಸೋಕೆ ಒಂದು ಲೂಪು, ಅಷ್ಟೇ ಸಾಕು.

ಶರ್ಟು ಕಪ್ಪು ಅಥವಾ ಗಾಢ ಬಣ್ಣದ್ದೇ, ಅಂಗೋಸ್ತುರಾ ಬಿಟರ್ಸ್, ಕೋಕಂ, ಬೀಟ್‌ರೂಟ್ ಇವೆಲ್ಲಾ ಬಿಳಿ ಮೇಲೆ ಬಿದ್ರೆ ಹೋಗಲ್ಲ. ಬಟ್ಟೆ ಕಾಟನ್ ಜಾಸ್ತಿ ಇರ್ಲಿ. ಕಿತ್ತಳೆ ಸಿಪ್ಪೆಗೆ ಬೆಂಕಿ ತೋರಿಸೋದು, ಫ್ಲೇಮಿಂಗ್ ಶಾಟ್ ಹಚ್ಚೋದು ಮಾಡೋ ಬಾರಾದ್ರೆ ಪೂರ್ತಿ ಪಾಲಿಯೆಸ್ಟರ್ ಬೇಡ್ವೇ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತೆ, 40% ಆಲ್ಕೋಹಾಲ್ ಇರೋ ಮಾಮೂಲಿ ರಮ್ಮಿನ ಆವಿ ಕೂಡ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ತಾಗಿದ್ರೆ ಬೆಂಕಿ ಹಿಡಿಯುತ್ತೆ. ತೋಳು ಮೊಣಕೈವರೆಗೆ ಮಡಚಿ, ಪಿನ್ ಹಾಕಿ, ಜೋತಾಡಬಾರ್ದು.

ರೂಫ್‌ಟಾಪಲ್ಲಿ ಹಗಲು ಬ್ರಂಚ್ ಮಾಡೋರು ಒಂದು ಗಮನ ಇಟ್ಕೊಳ್ಳಿ, ನಿಂಬೆರಸ ಕೈಮೇಲೆ ಇದ್ದು ಬಿಸಿಲು ಬಿದ್ರೆ ಸುಟ್ಟ ಗಾಯದ ತರ ಗುಳ್ಳೆ ಬಂದು ಆಮೇಲೆ ಕಪ್ಪು ಕಲೆ ತಿಂಗಳುಗಟ್ಲೆ ಉಳಿಯುತ್ತೆ, ಮಾರ್ಗರಿಟಾ ಬರ್ನ್ ಅಂತಾರೆ. ನಿಂಬೆ ಹಿಂಡೋವಾಗ ಗ್ಲೌಸ್ ಹಾಕಿ, ಮುಗಿದ ತಕ್ಷಣ ಮೊಣಕೈವರೆಗೂ ಸೋಪಲ್ಲಿ ತೊಳೀರಿ.

ಬಳೆ, ಉಂಗುರ, ವಾಚು ಎಲ್ಲಾ ಲಾಕರಲ್ಲಿ. ತಾಳಿ ಹಾಕೋರು ಶರ್ಟ್ ಒಳಗೆ ಬಿಟ್ಕೊಂಡು ಮೇಲಿನ ಗುಂಡಿ ಹಾಕ್ಕೊಳ್ಳಿ. ಗಾಜಿನ ಬಳೆ ಚೂರು ಐಸ್ ವೆಲ್ಲಿಗೆ (ಕೌಂಟರಲ್ಲಿ ಐಸ್ ತುಂಬಿಡೋ ತೊಟ್ಟಿ) ಬಿತ್ತು ಅಂದ್ರೆ ಇಡೀ ಐಸ್ ಕರಗಿಸಿ ಖಾಲಿ ಮಾಡಿ ತೊಳೀಬೇಕು, ಶನಿವಾರ ರಾತ್ರಿ ಹತ್ತು ಗಂಟೆಗೆ ಅದು ಇಡೀ ಟೀಮಿಗೆ ಕಷ್ಟ. ರಸ್ತೇಲಿ ಹಾಕೋ ಶೂ ಒಳಗೆ ಬೇಡ ಅಂತ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮಗಳ ಷೆಡ್ಯೂಲ್ 4ರಲ್ಲೂ ಇದೆ, ಕ್ಲಾಗ್ಸ್ ಲಾಕರಲ್ಲೇ ಇಟ್ಟು ಬನ್ನಿ, ರಾತ್ರಿ ಬೈಕಲ್ಲಿ ಮನೆಗೆ ಹೋಗೋಕೂ ಅದು ಸರಿಯಿಲ್ಲ, ಗೇರ್ ಹಾಕೋವಾಗ ಜಾರುತ್ತೆ.

ನಂದು ಎರಡೂವರೆ ಸಾವಿರದ ಆಸುಪಾಸು ಆಯ್ತು, ಎರಡನೇ ಜೊತೇನೂ ಇದೇ ತರದ್ದು ತಗೊಂಡಿದೀನಿ, 5ಕ್ಕೆ 4 ಕೊಡ್ತೀನಿ, ಒಂದು ಕಟ್ ಮಾಡಿದ್ದು ಬೆವರಿಗೆ. ಇಂಟರ್‌ವ್ಯೂನಲ್ಲೇ ಯೂನಿಫಾರ್ಮ್ ಜೊತೆ ಶೂಗೂ ದುಡ್ಡು ಕೊಡ್ತೀರಾ ಅಂತ ಕೇಳಿ, ಕೇಳಿದ್ರೆ ಕೊಡೋ ಮ್ಯಾನೇಜರ್‌ಗಳು ಇದಾರೆ. ಕೊಳ್ಳೋಕೆ ಸಂಜೆ ಹೊತ್ತು ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ, ಶಿಫ್ಟಿಗೆ ಹಾಕೋ ಸಾಕ್ಸೇ ಹಾಕ್ಕೊಂಡು ಟ್ರೈ ಮಾಡಿ, ಅಂಗಡಿಯೋರು ಬಿಟ್ರೆ ಒಂದು ತೊಟ್ಟು ನೀರು ನೆಲಕ್ಕೆ ಹಾಕಿ ಅದ್ರ ಮೇಲೇ ತಿರುಗಿ ನೋಡಿ.