ಕೂಡದ ಸೈಲೆನ್ಸರಿಗೆ ಪೇಸ್ಟ್ ಬಳಿದು ಕೊಟ್ಟರೆ ಒಪ್ಪಿಕೊಳ್ಳಬೇಡಿ

ದಾವಣಗೆರೆಯಲ್ಲಿ ಬೈಕಿಗೆ ಬೇರೆ ಸೈಲೆನ್ಸರ್ ಹಾಕಿಸಬೇಕೆಂದಿರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೈಪು ಸರಿಯಾಗಿ ಕೂರದೆ ಸಂದು ಉಳಿದರೆ, ಅದನ್ನು ಪೇಸ್ಟ್ ತುಂಬಿ ಮುಚ್ಚಿಕೊಡುತ್ತೇವೆ ಎನ್ನುವ ಮಾತಿಗೆ ದಯವಿಟ್ಟು ತಲೆಯಾಡಿಸಬೇಡಿ.

ನಿತ್ಯ ಹರಿಹರಕ್ಕೆ ಕೆಲಸಕ್ಕೆ ಹೋಗಿಬರುವ ನನ್ನ ತಮ್ಮನ ಬಿಎಸ್6 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಬೈಕಿಗೆ ನಗರದ ಅಂಗಡಿಯೊಂದರಲ್ಲಿ ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪ್ ಸಮೇತ ಹೊಸ ಸೈಲೆನ್ಸರ್ ಕೂರಿಸಿದರು. ಹಿಂದಿನ ಬ್ರಾಕೆಟ್ಟಿನ ತೂತು ಚಾಸಿಯ ತೂತಿಗೆ ಹೊಂದದಿದ್ದಾಗ ಪೈಪನ್ನು ಎಳೆದು ಬೋಲ್ಟ್ ಬಿಗಿದರು. ಹಾಗೆ ಎಳೆದದ್ದರಿಂದ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಕೂರುವ ತುದಿ ಓರೆಯಾಯಿತು. ಅಲ್ಲಿ ಸಂದು ಮುಚ್ಚುವ ಬಳೆಯಾದ ಗ್ಯಾಸ್ಕೆಟ್ ಹೊಸದು ಹಾಕುವ ಬದಲು ಕೆಂಪು ಸಿಲಿಕೋನ್ ಪೇಸ್ಟನ್ನು ದಪ್ಪಗೆ ಬಳಿದರು.

ಚಿತ್ರದುರ್ಗಕ್ಕೆ ಹೊರಟಾಗ ಭರಮಸಾಗರ ದಾಟುವಷ್ಟರಲ್ಲಿ ಸದ್ದು ಬದಲಾಗಿ, ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯತೊಡಗಿತು. ಬೈಕ್ ತಣ್ಣಗಾದ ಮೇಲೆ ನೋಡಿದರೆ ಹೆಡ್ಡಿನ ಅಲ್ಯೂಮಿನಿಯಂ ಮೇಲೆ ಬೀಸಣಿಗೆಯಂತೆ ಮಸಿ ಹರಡಿತ್ತು. ಕೆಂಪಗಿದ್ದ ಪೇಸ್ಟ್ ಬಿಳಿಚಿಕೊಂಡು, ಉಗುರು ತಾಗಿಸಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂತಹ ಸಿಲಿಕೋನ್ ತಡೆಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯನ್ನು. ಎಂಜಿನ್ನಿನ ಮೇಲೆ ಹೊರೆ ಬಿದ್ದಾಗ ಹೊರಬರುವ ಹೊಗೆಯ ಶಾಖವೋ 600 ಡಿಗ್ರಿಯನ್ನೂ ದಾಟುತ್ತದೆ. ಹೆಚ್ಚು ಶಾಖ ತಡೆಯುವ, ಸಿಮೆಂಟಿನಂತೆ ಗಟ್ಟಿಯಾಗುವ ಪೇಸ್ಟ್ ಕೂಡ ಸಿಗುತ್ತದೆ. ಆದರೆ ಅದು ಬಿಗಿಯಾಗಿ ಕೂತ ಜೋಡಣೆಯ ಕೂದಲೆಳೆಯ ಸಂದಿಗೆ ಮಾತ್ರ ಸಲ್ಲುವಂಥದ್ದು. ದೊಡ್ಡ ಸಂದಿಗೆ ತುಂಬಿದರೆ ಸಿಂಗಲ್ ಸಿಲಿಂಡರಿನ ನಡುಕಕ್ಕೆ ಬಿರುಕು ಬಿಡುತ್ತದೆ.

ಸೋರಿಕೆಯ ತೊಂದರೆ ಸದ್ದಿನಲ್ಲೇ ಮುಗಿಯುವುದಿಲ್ಲ. ಹೊಗೆ ಒಂದೇ ಸಮನೆ ಹರಿಯದೆ ಅಲೆಯಲೆಯಾಗಿ ಹೊರಡುವುದರಿಂದ, ಎರಡು ಅಲೆಗಳ ನಡುವೆ ಒತ್ತಡ ಕುಸಿದಾಗ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ. ಪೈಪಿನಲ್ಲಿ ಮುಂದಿರುವ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲ್ ಸಾಲದೆಂದು ತಿಳಿಸುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಇನ್ನಷ್ಟು ಪೆಟ್ರೋಲ್ ಬಿಡುತ್ತದೆ. ತಮ್ಮನ ಬೈಕಿನ ಮೈಲೇಜ್ ಇಳಿದು ಪ್ಲಗ್ ಕಪ್ಪಾದದ್ದು ಹೀಗೆ. ಅದಕ್ಕಿಂತ ಕೆಟ್ಟದ್ದೆಂದರೆ, ಸೆನ್ಸರಿಗೆ ಸುರಕ್ಷಿತವಲ್ಲದ ಸಿಲಿಕೋನಿನ ಆವಿ ಸೆನ್ಸರಿನ ತುದಿಯ ಮೇಲೆ ಬಿಳಿ ಪದರವಾಗಿ ಕೂತು ಅದನ್ನೇ ಹಾಳುಮಾಡಬಲ್ಲದು.

ಸೋರಿಕೆ ನಿಲ್ಲಿಸುತ್ತೇವೆಂದು ಅಂಗಡಿಯವರು ಮತ್ತೆ ನಟ್ ಬಿಗಿದಾಗ, ಮೊದಲೇ ಓರೆಯಾಗಿ ಎಳೆತಕ್ಕೆ ಸಿಕ್ಕಿದ್ದ ಸ್ಟಡ್ (ಹೆಡ್ಡಿಗೆ ತಿರುಗಿಸಿ ಕೂರಿಸಿದ, ನಟ್ ಹಿಡಿಯುವ ಮರೆಯ ಕಡ್ಡಿ) ಹೆಡ್ಡಿನೊಳಗೇ ಮುರಿಯಿತು. ಅದನ್ನು ತೆಗೆಸಲು ಲೇತ್ ಅಂಗಡಿಗೆ ಅಲೆಯಬೇಕಾಯಿತು. ಹೊಣೆ ಮಾತ್ರ ಯಾರೂ ಹೊರಲಿಲ್ಲ. ಇದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಹಾಕಿಸಲೇಬೇಕೆಂದಿದ್ದರೆ ಬಣ್ಣ, ಸದ್ದು ನೋಡುವ ಮೊದಲು ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಕೂರಿಸಿ ತೋರಿಸಲು ಹೇಳಿ. ಕೈಯಿಂದಲೇ ಎಲ್ಲ ತೂತುಗಳೂ ಕೂಡಬೇಕು. ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿ, ಅಲ್ಲಿನ ನಟ್‌ಗಳನ್ನು ಸರದಿಯ ಮೇಲೆ ಸಮನಾಗಿ ಬಿಗಿಸಿ, ಕ್ಲಾಂಪ್ ಮತ್ತು ಬ್ರಾಕೆಟ್ ಆಮೇಲೆ. ಸೈಲೆನ್ಸರಿನ ಬಾಯಿ ಸಡಿಲವಾಗಿದ್ದರೆ ಲೇತಿನಲ್ಲಿ ಅಳತೆಗೆ ತಕ್ಕ ಉಕ್ಕಿನ ಸ್ಲೀವ್ (ಸಂದು ತುಂಬುವ ಕೊಳವೆ) ಮಾಡಿಸಬಹುದು. ಹಣ ಕೊಡುವ ಮೊದಲು, ತಣ್ಣಗಿರುವ ಎಂಜಿನ್ನನ್ನು ಬಯಲಿನಲ್ಲಿ ಚಾಲೂ ಮಾಡಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ.

ಹೀಗೆ ಬೈಕಿನಲ್ಲಿ ಮಾಡುವ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಸದ್ದು ಮತ್ತು ಹೊಗೆಗೆ 190(2)ನೇ ಕಲಮು ಅನ್ವಯಿಸುತ್ತವೆ. ಎರಡನೆಯದರಲ್ಲಿ ಮೊದಲ ತಪ್ಪಿಗೇ 10,000 ರೂಪಾಯಿಯವರೆಗೆ ದಂಡವಿದೆ. ಕಂಪನಿಯ ಹಳೆಯ ಸೈಲೆನ್ಸರನ್ನಂತೂ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಬಿಎಸ್6 ಬೈಕಿನ ಹೊಗೆ ಕೊಳವೆಯಲ್ಲಿರುವ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂನಂತಹ ಬೆಲೆಬಾಳುವ ಲೋಹಗಳಿರುತ್ತವೆ. ತಮ್ಮ ಅದನ್ನು ಮನೆಗೆ ತಂದಿಟ್ಟುಕೊಂಡಿದ್ದರಿಂದಲೇ ಹೊಸ ಸ್ಟಡ್ ಹಾಕಿಸಿದ ದಿನ ಮತ್ತೆ ಅದನ್ನೇ ಕೂರಿಸಲು ಸಾಧ್ಯವಾಯಿತು.